ಪುಂಡಿಪಲ್ಯದ ಬೀಜ ಮನೆಯಲ್ಲೇ ಉಳಿಸಿಕೊಳ್ಳೋದು ಹೇಗೆ?

ಕಲಬುರಗಿ ಕಡೆ ತೊಗರಿ ಹೊಲದಲ್ಲಿ ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಕಡಿಮೆಯಾದಂತೆ ಪುಂಡಿ (ಗೋಂಗೂರ ಅನ್ನೋ ಹುಳಿ ಸೊಪ್ಪು), ಗುರೆಳ್ಳು, ಅಲಸಂದಿ ಊಟದಿಂದಲೂ ದೂರವಾಗುತ್ತಿವೆ. ಬರೀ ಅನ್ನದಿಂದ ಹೊಟ್ಟೆ ತುಂಬುತ್ತದೆ, ಆದರೆ ಮಕ್ಕಳಿಗೆ ಕಬ್ಬಿಣಾಂಶ, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಪುಂಡಿಯಿಂದಲೇ ಶುರು ಮಾಡಿ. ಮುಂಗಾರಿನಲ್ಲಿ ತೊಗರಿ ಪಕ್ಕ ಒಂದು ಸಾಲು ಬಿತ್ತಿ. ಹೊಲ ಇಲ್ಲವೇ, ಹಿತ್ತಲ ಮೂಲೆ ಸಾಕು. ಬೀಜಕ್ಕೆ ಅಂತ ರೋಗವಿಲ್ಲದ 10 ಗಟ್ಟಿ ಗಿಡಗಳಿಗೆ ಬಟ್ಟೆ ಕಟ್ಟಿ ಗುರುತು ಮಾಡಿ, ಅವುಗಳ ಎಲೆ ಮಾತ್ರ ಯಾರೂ ಕೀಳದಂತೆ ನೋಡಿಕೊಳ್ಳಿ (ಇದೇ ಕಷ್ಟ, ಪುಂಡಿ ಕಂಡರೆ ಕೈ ಸುಮ್ನಿರಲ್ಲ ಅಲ್ವಾ). ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ, ಬಿರಿಯುವ ಮೊದಲೇ ಕೊಯ್ದು, ನೆರಳಲ್ಲಿ ಒಣಗಿಸಿ, ಬಡಿದು, ಬೂದಿ ಬೆರೆಸಿ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಅರ್ಧ ಬೀಜ ಪಕ್ಕದ ಮನೆಗೆ ಕೊಡಿ. ನಿಮ್ಮ ಬೆಳೆ ಕೆಟ್ಟರೆ ಅಲ್ಲಿಂದ ವಾಪಸ್ ಸಿಗುತ್ತದೆ.