ಬೇಸಿಗೆಯ ಬಯಲು ವೇದಿಕೆಗೆ ಧ್ವನಿ ಹೊಂದಿಸುವುದು: ನನ್ನ ಅನುಭವ

ಕಾರವಾರದ ಟ್ಯಾಗೋರ್ ಕಡಲತೀರದಿಂದ ಹಿಡಿದು ಕುಮಟಾ, ಹೊನ್ನಾವರದ ಮೈದಾನಗಳವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದ ಬಯಲುಗಳವರೆಗೆ ಸಂಗೀತ ಕಾರ್ಯಕ್ರಮಗಳಿಗೆ ಧ್ವನಿವ್ಯವಸ್ಥೆ ಮಾಡುವುದು ನನ್ನ ವೃತ್ತಿ. ಅದರಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿ ಕಡಲ ದಂಡೆಯ ಮೇಲೆ ನಡೆಯುವ ದೊಡ್ಡ ಉತ್ಸವಗಳ ಕೆಲಸವೇ ಬೇರೆ. ಒಂದೇ ಸಂಜೆ, ಒಂದೇ ವೇದಿಕೆಯ ಮೇಲೆ ಸಿದ್ದಿ ಬುಡಕಟ್ಟಿನವರ ಡಮ್ಮಾಮಿ ಕುಣಿತ, ಹಾಲಕ್ಕಿ ಒಕ್ಕಲಿಗರ ಗುಮಟೆ ವಾದ್ಯ, ಹಿಂದುಸ್ತಾನಿಯ ಖ್ಯಾಲ್ ಗಾಯನ, ಯಕ್ಷಗಾನ ಎಲ್ಲವೂ ಬಂದು ಹೋಗುತ್ತವೆ. ಸಭಾಂಗಣದಲ್ಲಿ ಕೆಲಸ ಕಲಿತವರು ಇಲ್ಲಿಗೆ ಬಂದಾಗ ಯಂತ್ರಗಳ ಬಗ್ಗೆ ಬಹಳ ಯೋಚಿಸುತ್ತಾರೆ. ನಾನು ಮೊದಲು ಯೋಚಿಸುವುದು ಗಾಳಿಯ ಬಗ್ಗೆ.

ತಾತ್ಕಾಲಿಕ ವೇದಿಕೆಯಾದರೆ ಅದು ಎತ್ತ ಮುಖ ಮಾಡಿರಬೇಕೆಂಬುದನ್ನು ಪೆಂಡಾಲಿನವರು ಕಂಬ ನೆಡುವ ಮುಂಚೆಯೇ ತೀರ್ಮಾನಿಸಬೇಕು. ಮಧ್ಯಾಹ್ನದ ನಂತರ ಗಾಳಿ ಕಡಲಿನಿಂದ, ಅಂದರೆ ಪಡುವಣದಿಂದ ಬೀಸುತ್ತದೆ. ನೆಲದ ಸಮೀಪದ ಗಾಳಿ ನಿಧಾನವಾಗಿಯೂ ಮೇಲಿನ ಗಾಳಿ ವೇಗವಾಗಿಯೂ ಸಾಗುವುದರಿಂದ, ಗಾಳಿಯ ಜೊತೆಗೆ ಹೋಗುವ ಧ್ವನಿ ಕೆಳಕ್ಕೆ ಬಾಗಿ ಬಹುದೂರ ಕೇಳಿಸುತ್ತದೆ. ಗಾಳಿಗೆ ಎದುರಾಗಿ ಹೋಗುವ ಧ್ವನಿ ಮೇಲಕ್ಕೆ ಬಾಗಿ, ಹಿಂದಿನ ಸಾಲಿನವರ ತಲೆಯ ಮೇಲಿನಿಂದ ಹಾದುಹೋಗುತ್ತದೆ. ಆದ್ದರಿಂದ ಕಡಲಿಗೆ ಮುಖ ಮಾಡಿದ ವೇದಿಕೆಯಲ್ಲಿ ಮುಂದಿನವರಿಗೆ ಎಲ್ಲ ಚೆನ್ನಾಗಿ ಕೇಳಿದರೂ ಹಿಂದಿನವರಿಗೆ ಸಾಹಿತ್ಯ ತಿಳಿಯುವುದಿಲ್ಲ. ಕಡಲಿಗೆ ಬೆನ್ನು ಮಾಡಿದರೆ ಸಭೆಗೆ ಅನುಕೂಲ, ಆದರೆ ಆ ಧ್ವನಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಊರಿನ ಮನೆಗಳ ಒಳಗೂ ನುಗ್ಗುತ್ತದೆ. ನನ್ನ ಆಯ್ಕೆ ದಂಡೆಯ ಉದ್ದಕ್ಕೆ, ತೆಂಕಣಕ್ಕೋ ಬಡಗಣಕ್ಕೋ ಮುಖ ಮಾಡಿದ ವೇದಿಕೆ. ಆಗ ಗಾಳಿ ಅಡ್ಡ ಬೀಸುತ್ತದೆ, ಸಭೆಯ ಒಂದು ಬದಿಗೆ ಧ್ವನಿ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಹೋಗುತ್ತದೆ. ಎಡಬಲದ ಸ್ಪೀಕರುಗಳನ್ನು ಬೇರೆ ಬೇರೆಯಾಗಿ ಹೊಂದಿಸಿದರೆ ಅದು ಸರಿಹೋಗುತ್ತದೆ. ಮುಳುಗುವ ಸೂರ್ಯ ಕಲಾವಿದರ ಕಣ್ಣಿಗೂ ಶ್ರೋತೃಗಳ ಕಣ್ಣಿಗೂ ನೇರವಾಗಿ ಹೊಡೆಯುವುದಿಲ್ಲ ಎಂಬುದು ಇದರ ಇನ್ನೊಂದು ಲಾಭ.

ನಾಲ್ಕು ಗಂಟೆಗೆ ಮಾಡಿದ ಧ್ವನಿಪರೀಕ್ಷೆಯನ್ನು ರಾತ್ರಿಗೂ ನಂಬಬಾರದು. ಬಿಸಿಲಿಗೆ ಕಾದ ಮರಳಿನ ಮೇಲಿನ ಗಾಳಿ ಬಿಸಿಯಾಗಿದ್ದು ಮೇಲಿನದು ತಂಪಾಗಿದ್ದಾಗ ಧ್ವನಿ ಮೇಲಕ್ಕೆ ಬಾಗುತ್ತದೆ. ಆ ಹೊತ್ತಿನಲ್ಲಿ ಮೈದಾನದ ಕೊನೆಗೆ ಹೋಗಿ ನಿಂತರೆ ಏನೂ ಸಾಲುತ್ತಿಲ್ಲವೆಂದು ಅನ್ನಿಸುತ್ತದೆ, ಕೈ ತಾನಾಗಿ ಧ್ವನಿ ಏರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಮರಳು ಬೇಗ ತಣ್ಣಗಾಗುತ್ತದೆ, ಊಟದ ಹೊತ್ತಿಗೆ ಕಡಲಗಾಳಿ ಬೀಳುತ್ತದೆ, ನೆಲದ ಗಾಳಿ ತಂಪಾಗಿ ಮೇಲಿನದು ಅದಕ್ಕಿಂತ ಬೆಚ್ಚಗಿರುವ ಸ್ಥಿತಿ ಬರುತ್ತದೆ. ಆಗ ಅದೇ ಧ್ವನಿ ಕೆಳಕ್ಕೆ ಬಾಗಿ, ಸಂಜೆ ಮೈದಾನದ ಕೊನೆಯನ್ನೇ ಮುಟ್ಟದಿದ್ದದ್ದು ರಾತ್ರಿ ದೂರದ ಓಣಿಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಪೊಲೀಸ್ ಠಾಣೆಗೆ ಹೋಗುವ ದೂರುಗಳಲ್ಲಿ ಹೆಚ್ಚಿನವು ಹೀಗೆ ಹುಟ್ಟುತ್ತವೆಯೇ ಹೊರತು ಯಾರೂ ಬೇಕೆಂದೇ ಗದ್ದಲ ಮಾಡಿರುವುದಿಲ್ಲ. ಹಾಗಾಗಿ ಸಂಜೆಯ ಪರೀಕ್ಷೆಯಲ್ಲಿ ವಾದ್ಯಗಳ ಪರಸ್ಪರ ಪ್ರಮಾಣವನ್ನಷ್ಟೇ ನಿಶ್ಚಯಿಸಿ, ಒಟ್ಟು ಮಟ್ಟವನ್ನು ದೀಪ ಹತ್ತಿದ ಮೇಲೆ ಮೈದಾನದಲ್ಲಿ ನಡೆದಾಡಿ ನೋಡಿ ಇಳಿಸುತ್ತ ಬರುತ್ತೇನೆ.

ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಮುಂದಿನ ಸ್ಪೀಕರುಗಳನ್ನೇ ಜೋರಾಗಿ ಕೂಗಿಸಿ ಹಿಂದಿನವರನ್ನು ತಲುಪುವುದಕ್ಕಿಂತ ಮೈದಾನದ ನಡುವೆ ಇನ್ನೊಂದು ಜೋಡಿ ನಿಲ್ಲಿಸಿ, ಅವುಗಳ ಧ್ವನಿಯನ್ನು ತಡಮಾಡಿ ಬಿಡುವುದು ಒಳ್ಳೆಯದು. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಧ್ವನಿ ಸೆಕೆಂಡಿಗೆ 349 ಮೀಟರ್ ಸಾಗುತ್ತದೆ. ವೇದಿಕೆಯಿಂದ 50 ಮೀಟರ್ ದೂರದ ಸ್ಪೀಕರಿಗೆ ಸುಮಾರು 143 ಮಿಲಿಸೆಕೆಂಡು ತಡ ಕೊಡಬೇಕು. ಅದರ ಮೇಲೆ ಇನ್ನೂ ಹತ್ತು ಹದಿನೈದು ಮಿಲಿಸೆಕೆಂಡು ಸೇರಿಸಿದರೆ, ಪಕ್ಕದ ಸ್ಪೀಕರಿನಿಂದ ಕೇಳುತ್ತಿದ್ದರೂ ಹಾಡು ವೇದಿಕೆಯಿಂದಲೇ ಬರುತ್ತಿದೆ ಎಂದು ಕಿವಿ ನಂಬುತ್ತದೆ. 1973ರ ಜುಲೈ 28ರಂದು ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಸುಮಾರು ಆರು ಲಕ್ಷ ಜನ ಸೇರಿದ್ದರೆಂದು ಹೇಳಲಾಗುವ ಬೇಸಿಗೆ ಸಂಗೀತೋತ್ಸವದಲ್ಲಿ ಡಿಜಿಟಲ್ ಯಂತ್ರಗಳಿಂದ ಈ ಉಪಾಯವನ್ನೇ ಮಾಡಿದ್ದರು. ಇಂದು ಸಣ್ಣ ಮಿಕ್ಸರುಗಳಲ್ಲಿಯೂ ಆ ಸೌಲಭ್ಯ ಇದೆ, ಆದರೂ ನಮ್ಮಲ್ಲಿ ಅನೇಕರು ಅದನ್ನು ಬಳಸದೆ ಕೇವಲ ಸ್ಪೀಕರುಗಳ ಸಂಖ್ಯೆ ಹೆಚ್ಚಿಸುತ್ತಾರೆ.

ಶ್ರೋತೃಗಳಿಗಿಂತ ಹೆಚ್ಚು ಕಷ್ಟಪಡುವವರು ವೇದಿಕೆಯ ಮೇಲಿನವರು. ಬಸವರಾಜ ರಾಜಗುರುಗಳ ಶಿಷ್ಯರಾದ ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆಯವರಂಥ ಗಾಯಕರನ್ನು ಕೊಟ್ಟ ಈ ಜಿಲ್ಲೆಯಲ್ಲಿ ಹಿಂದುಸ್ತಾನಿ ಸಂಗೀತವನ್ನು ಕಿವಿಗೊಟ್ಟು ಕೇಳುವವರಿಗೆ ಕೊರತೆಯಿಲ್ಲ, ಹಾಡುವ ಎಳೆಯರಿಗೂ ಕೊರತೆಯಿಲ್ಲ. ಆದರೆ ಅವರೆಲ್ಲ ಗುರುಗಳ ಮನೆಯ ಕೋಣೆಯಲ್ಲಿ, ದೇವಸ್ಥಾನದ ಸಭಾಭವನದಲ್ಲಿ ಹಾಡಿ ಬೆಳೆದವರು. ಬಯಲಿನಲ್ಲಿ ಗೋಡೆಯಿಲ್ಲ, ಹೋದ ಧ್ವನಿ ಮರಳಿ ಬರುವುದಿಲ್ಲ, ಅಲೆಗಳ ಮೊರೆತ ಮಂದ್ರದ ಸ್ವರಗಳನ್ನು ನುಂಗುತ್ತದೆ. ತನ್ನ ದನಿ ತನಗೇ ಸಾಲದೆಂದು ಗಾಯಕರು ಕಂಠವನ್ನು ತಳ್ಳತೊಡಗಿ, ನಿಧಾನಗತಿಯ ವಿಲಂಬಿತ ಭಾಗ ಮುಗಿಯುವಷ್ಟರಲ್ಲಿ ದಣಿಯುತ್ತಾರೆ. "ಸೌಂಡಿನವರೇ, ಸ್ವಲ್ಪ ತಂಬೂರಿ ಕೊಡಿ" ಎಂಬ ಮಾತು ಬರುವವರೆಗೂ ನಾನು ಕಾಯುವುದಿಲ್ಲ. ಗಾಯಕರ ಮುಂದಿನ ಮಾನಿಟರಿನಲ್ಲಿ, ಅಂದರೆ ಅವರಿಗೇ ಕೇಳಿಸಲು ಇಟ್ಟ ಸ್ಪೀಕರಿನಲ್ಲಿ, ಮೊದಲು ತಂಬೂರಿ ತುಂಬಿಕೊಳ್ಳಬೇಕು, ಅದರ ಮೇಲೆ ಅವರದೇ ಕಂಠ ತುಸು ಅನುರಣನದೊಂದಿಗೆ (ಕೋಣೆಯಲ್ಲಿ ಧ್ವನಿ ಮೊಳಗಿದಂಥ ಗುಂಗು) ಬರಬೇಕು, ತಬಲಾ ಬರೀ ಠೇಕಾ, ಅಂದರೆ ತಾಳದ ಮೂಲ ನಡೆ, ತಿಳಿಯುವಷ್ಟಿದ್ದರೆ ಸಾಕು. ಆ ಅನುರಣನ ಮಾನಿಟರಿಗೆ ಮಾತ್ರ, ಸಭೆಗೆ ಬೇಡ.

ತಬಲಾದ ವಿಷಯದಲ್ಲಿ ಕರಾವಳಿಯ ಬೇಸಿಗೆ ಬಹಳ ಕಾಡುತ್ತದೆ. ತೇವ ಹೀರಿದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ವೇದಿಕೆಯ ದೀಪಗಳ ಬಿಸಿಗೆ ಅದೇ ಚರ್ಮ ಒಣಗಿ ಬಿಗಿದು ಶ್ರುತಿ ಏರುತ್ತದೆ. ಗ್ರೀನ್ ರೂಮಿನಲ್ಲಿ ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ) ಸರಿಯಾಗಿ ಕೂಡಿಸಿ ತಂದ ತಬಲಾ ವೇದಿಕೆಯ ಮೇಲೆ ಕುಳಿತ ಸ್ವಲ್ಪ ಹೊತ್ತಿನಲ್ಲಿಯೇ ಜಾರುವುದನ್ನೂ, ವಾದಕರು ಆಲಾಪದ ನಡುವೆ ಸುತ್ತಿಗೆ ಹಿಡಿದು ಪಟ್ಟಿಗಳನ್ನು ಬಿಗಿಯುವ ಮರದ ಗಟ್ಟೆಗಳನ್ನು ಮೆಲ್ಲನೆ ತಟ್ಟುತ್ತ ಗಾಯಕರ ಮುಖ ನೋಡುವುದನ್ನೂ ಯಾರು ಬೇಕಾದರೂ ಕಂಡಿರುತ್ತಾರೆ. ಹಾರ್ಮೋನಿಯಂ ಶ್ರುತಿ ಬದಲಿಸಲಾರದು, ಮೊಬೈಲಿನ ತಂಬೂರಿ ಅಲುಗಾಡದು, ಆದುದರಿಂದ ಎಲ್ಲ ಹೊರೆಯೂ ತಬಲಾದ ಮೇಲೆಯೇ ಬೀಳುತ್ತದೆ. ನಾನು ತಬಲಾದವರಲ್ಲಿ ವಾದ್ಯಗಳನ್ನು ಒಂದು ಗಂಟೆ ಮೊದಲೇ ವೇದಿಕೆಗೆ ತಂದು, ಅವೇ ದೀಪಗಳ ಕೆಳಗೆ, ಹೊದಿಕೆ ತೆಗೆದು ಇಡಲು ವಿನಂತಿಸುತ್ತೇನೆ. ಸಂಘಟಕರು ಪ್ರೀತಿಯಿಂದ ತಂದಿಡುವ ದೊಡ್ಡ ಫ್ಯಾನುಗಳನ್ನು ಕಲಾವಿದರ ಬೆನ್ನ ಕಡೆಗೆ ತಿರುಗಿಸುತ್ತೇನೆ, ಏಕೆಂದರೆ ಅವು ಮುಂದಿನಿಂದ ಬೀಸಿದರೆ ಮೈಕಿನಲ್ಲಿ ಗಾಳಿಯೇ ಹಾಡುತ್ತದೆ.

ಹಾಲಕ್ಕಿ ಒಕ್ಕಲಿಗರ ಗುಮಟೆಗೆ ಮೈಕ್ ಇಡುವುದನ್ನು ಯಾವ ಕೈಪಿಡಿಯೂ ಹೇಳಿಕೊಡುವುದಿಲ್ಲ. ಮಣ್ಣಿನ ಗಡಿಗೆಯಂಥ ಈ ವಾದ್ಯದ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇರುವುದರಿಂದ ಈಗ ಆಡಿನ ಚರ್ಮ ಬಂದಿದೆ. ವಾದಕರು ಬಲಗೈಯಿಂದ ಚರ್ಮವನ್ನು ಬಾರಿಸುತ್ತ ಎಡಗೈಯಿಂದ ತೆರೆದ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ಅದುಮಿ ಬಿಡುತ್ತಾರೆ. ಅದರ ಜೀವ ಇರುವುದೇ ಆ ಎಡಗೈಯಲ್ಲಿ. ಚರ್ಮದ ಎದುರಿಗೆ ಮಾತ್ರ ಮೈಕ್ ಇಟ್ಟರೆ ಬರೀ ಟಕಟಕ ಕೇಳುತ್ತದೆ. ಆದ್ದರಿಂದ ಒಂದು ಮೈಕನ್ನು ತೆರೆದ ಬಾಯಿಯ ಕಡೆಗೆ, ಕೈ ಆಡಲು ಅಡ್ಡಿಯಾಗದಷ್ಟು ದೂರದಲ್ಲಿ, ತಗ್ಗಿನಲ್ಲಿ ಇಡುತ್ತೇನೆ. ಬಾರಿಸುವವರೇ ಹಾಡುವವರಾದ್ದರಿಂದ ಪದಕ್ಕೆ ಇನ್ನೊಂದು ಮೈಕ್ ಬೇಕು. ಸಿದ್ದಿಗಳ ಡಮ್ಮಾಮಿಯಲ್ಲಿ ತೊಂದರೆ ಬೇರೆ: ಅಲ್ಲಿ ಕುಣಿತ ವೇದಿಕೆಯ ತುಂಬ ಹರಡುವುದರಿಂದ ನೆಟ್ಟ ಮೈಕುಗಳು ಕಾಲಿಗೆ ಸಿಕ್ಕುತ್ತವೆ, ಅಂಚಿನಲ್ಲಿ ಎರಡನ್ನು ಇಟ್ಟು ಉಳಿದದ್ದನ್ನು ವಾದ್ಯದ ಸ್ವಂತ ಶಕ್ತಿಗೆ ಬಿಟ್ಟುಬಿಡುವುದೇ ಲೇಸು.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಒಣ ಮರಳಿನಲ್ಲಿ ನೆಟ್ಟ ಅರ್ಥಿಂಗ್ ಸರಳು ಇದ್ದೂ ಇಲ್ಲದಂತೆ. ತೇವ ಸಿಗುವ ಆಳಕ್ಕೆ ಇಳಿಸಿ, ಸಂಜೆ ಮತ್ತೊಮ್ಮೆ ನೀರು ಹೊಯ್ಯಿಸಬೇಕು. ಮೇ ತಿಂಗಳಲ್ಲಿ ಮೂಡಣದ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗು ಕೇಳಿಸಿತೆಂದರೆ, ಅತಿಥಿಗಳ ಭಾಷಣ ನಡೆಯುತ್ತಿದ್ದರೂ ಸರಿ, ನಾನು ಎಲ್ಲವನ್ನೂ ಆರಿಸುತ್ತೇನೆ.

ಕಾರ್ಯಕ್ರಮದ ಸರದಿ ಬರೆಯುವಾಗ ನನ್ನನ್ನೂ ಕೂರಿಸಿಕೊಳ್ಳಿರೆಂದು ಸಂಘಟಕರನ್ನು ಕೇಳುವುದು ಹೊತ್ತಿಗೆ ತಕ್ಕಂತೆ ಗಾಳಿಯೂ ಧ್ವನಿಯೂ ಹೀಗೆ ಬದಲಾಗುವ ಕಾರಣಕ್ಕೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರ್ಕಾರದ ವಿಶೇಷ ಅನುಮತಿ ಇದ್ದರೆ, ಅದೂ ವರ್ಷದ ಕೆಲವೇ ದಿನ, ಹನ್ನೆರಡರವರೆಗೆ ನಡೆಸಬಹುದು. ಬೇಸಿಗೆಯಲ್ಲಿ ಆರಕ್ಕೆ ಮುಂಚೆ ಜನ ಮರಳಿನ ಮೇಲೆ ಕೂರುವುದಿಲ್ಲ. ಉಳಿಯುವ ನಾಲ್ಕು ತಾಸಿನಲ್ಲಿ ತಡರಾತ್ರಿಯ ರಾಗಗಳಾದ ದರಬಾರಿ, ಮಾಲಕಂಸಗಳಿಗೆ ಅವುಗಳ ಹೊತ್ತು ದೊರೆಯುವುದು ಕಷ್ಟ, ಮುಸ್ಸಂಜೆಯ ಮಾರವಾ, ಪೂರಿಯಾಗಳಿಗೆ ಗಾಳಿ ಬಿಡುವುದಿಲ್ಲ. ಆದ್ದರಿಂದ ಗಾಳಿ ಜೋರಾಗಿರುವ ಆರರ ಹೊತ್ತಿಗೆ ಡಮ್ಮಾಮಿ, ಗುಮಟೆಗಳನ್ನಿಟ್ಟು, ಗಾಳಿ ಬೀಳುವ ಏಳೂವರೆಯ ಮೇಲೆ ಯಮನ್, ಬಾಗೇಶ್ರೀ ರಾಗಗಳಿಗೆ ಜಾಗ ಮಾಡಿಸುತ್ತೇನೆ. ಯಕ್ಷಗಾನ ಮೊದಲೇ ಮುಗಿದರೆ ಅರ್ಧ ಸಭೆ ಎದ್ದುಹೋಗುತ್ತದೆಂಬ ಸಂಘಟಕರ ಭಯ ಸುಳ್ಳಲ್ಲವಾದ್ದರಿಂದ ಅದು ಕೊನೆಗೇ ಬರುತ್ತದೆ, ಅಂದರೆ ಧ್ವನಿ ಅತಿ ದೂರ ಸಾಗುವ ಹೊತ್ತಿನಲ್ಲಿ. ಆಗ ಭಾಗವತರ ಕಂಠಕ್ಕೆ, ಮದ್ದಳೆಗೆ, ಪಾತ್ರಧಾರಿಗಳ ಮಾತಿಗೆ ಮೈಕ್ ಕೊಡುತ್ತೇನೆ, ಚಂಡೆಗೆ ಕೊಡುವುದಿಲ್ಲ. ಚಂಡೆಯವರು ಮೊದಲು ಮುಖ ಗಂಟಿಕ್ಕಿಕೊಳ್ಳುವುದುಂಟು. ಹಿಂದಿನ ಸಾಲಿಗೆ ಒಬ್ಬರನ್ನು ಕಳಿಸಿ ಕೇಳಿಸಿಕೊಂಡು ಬಂದ ಮೇಲೆ ಒಪ್ಪುತ್ತಾರೆ.