‘ನೇಫ್’ ಅಂದರೆ ಯಾರ ಮಗ?

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ಗೆ ಬಂದ ಮೇಲೆ ಚಳಿಗಾಲದ ಸಂಜೆಗಳಿಗೆ ಹತ್ತಿದ ಹುಚ್ಚು ಇದು: ಆಮ್‌ಸ್ಟರ್‌ಡ್ಯಾಂ ನಗರ ಪತ್ರಾಗಾರದ ನೋಟರಿ ಪತ್ರಗಳನ್ನು ಮನೆಯಿಂದಲೇ ಓದಿ ಸೂಚಿ ಮಾಡಿಕೊಡುವುದು. 1578ರಿಂದ 1915ರವರೆಗಿನ ಕಡತಗಳು, ಸಾಲಾಗಿ ಜೋಡಿಸಿದರೆ ಸುಮಾರು 3.5 ಕಿಲೋಮೀಟರ್. ಕೂಲಿ ಏನೂ ಇಲ್ಲ, ಕಣ್ಣು ನೋವು ಮಾತ್ರ.

ಅದರಲ್ಲಿ ನನಗೆ ಇಷ್ಟವಾಗಿದ್ದು ‘ಪ್ರೊಕ್ಯುರಾತ್ಸಿ’. ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ; ನಮ್ಮ ಮುಖ್ತ್ಯಾರ್‌ನಾಮೆಯೇ, ಈಗಿನ ಬಾಯಲ್ಲಿ ಜಿಪಿಎ. ಊರಿನ ಸೈಟಿಗಾಗಿ ನಾನೂ ಭಾವನ ಹೆಸರಿಗೆ ಒಂದು ಮಾಡಿಕೊಟ್ಟಿದ್ದೆ, ಹಾಗಾಗಿ ಡಚ್ ಭಾಷೆ ಬರದಿದ್ದರೂ ಧಾಟಿ ಗುರುತು ಸಿಕ್ಕಿತು. ‘ಇಂದು ನನ್ನ ಮುಂದೆ ಹಾಜರಾದವರು’ ಎಂದು ಶುರು. ವಸೂಲಿ ಮಾಡು, ರಸೀದಿ ಕೊಡು, ಬೇಕಾದರೆ ಕೋರ್ಟಿಗೆ ಹೋಗು, ನಿನ್ನ ಬದಲು ಇನ್ನೊಬ್ಬನನ್ನು ನೇಮಿಸು. ನೀನು ಮಾಡಿದ್ದೆಲ್ಲ ನನಗೆ ಒಪ್ಪಿಗೆ. ಈ ಸಾಲುಗಳು ಪತ್ರದಿಂದ ಪತ್ರಕ್ಕೆ ಹೆಚ್ಚು ಬದಲಾಗುವುದಿಲ್ಲ. ಒಮ್ಮೆ ಬಾಯಿಪಾಠವಾದರೆ ಕೆಟ್ಟ ಕೈಬರಹದಲ್ಲೂ ಜಾಡು ತಪ್ಪುವುದಿಲ್ಲ. ಮೂಲಪ್ರತಿ ನೋಟರಿಯ ಬಳಿಯೇ ಉಳಿಯುತ್ತಿತ್ತು, ನಕಲು ಹಡಗು ಹತ್ತುತ್ತಿತ್ತು.

ನನ್ನನ್ನು ಕೆಡವಿದ ಪತ್ರ 1650ರ ದಶಕದ್ದು. ಆಮ್‌ಸ್ಟರ್‌ಡ್ಯಾಂನ ವಿಧವೆಯೊಬ್ಬಳು ನ್ಯೂ ಆಮ್‌ಸ್ಟರ್‌ಡ್ಯಾಂನಲ್ಲಿದ್ದ (ಆಗ ಡಚ್ಚರ ವಸಾಹತು, ಇಂದಿನ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನ ದಕ್ಷಿಣ ತುದಿ) ತನ್ನ ‘ನೇಫ್’ಗೆ, ಅಂದರೆ ಒಬ್ಬ ನೆಂಟನಿಗೆ, ಅಧಿಕಾರ ಕೊಡುತ್ತಾಳೆ: ಗಂಡನಿಗೆ ಬರಬೇಕಿದ್ದ ಬಾಕಿ ವಸೂಲಿ ಮಾಡಬೇಕು. ಅಲ್ಲಿ ನಾಣ್ಯದ ಬರ, ಬೀವರ್ ಚರ್ಮವೂ ಚಿಪ್ಪಿನ ಮಣಿಯೂ ಹಣವಾಗಿ ಓಡುತ್ತಿದ್ದ ಕಾಲ. ಒಂದು ಪತ್ರ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ. ಮೋಸ ಮಾಡಿದರೆ ಇಲ್ಲಿಂದ ಹಿಡಿಯುವುದಾದರೂ ಹೇಗೆ? ರಕ್ತಸಂಬಂಧಿಯಾದರೆ ಅವನ ಮನೆಯವರಾದರೂ ಇಲ್ಲೇ ಕೈಗೆ ಸಿಗುತ್ತಾರೆ. ಇದು ನನ್ನ ಊಹೆ, ಪತ್ರದಲ್ಲಿ ಕಾರಣ ಬರೆದಿಲ್ಲ. ಹೆಂಡತಿಗೇ ಅಧಿಕಾರ ಕೊಟ್ಟವರೂ ಇದ್ದರು. ಗಂಡನ ಪಾಲನೆಯಲ್ಲಿರಬೇಕಾದ ಹೆಣ್ಣು ಈ ಕಾಗದ ಹಿಡಿದು ಆ ವಸಾಹತಿನ ನ್ಯಾಯಾಲಯದಲ್ಲಿ ಗಂಡನ ಪರವಾಗಿ ನಿಲ್ಲಬಹುದಿತ್ತು.

ಸೂಚಿಯಲ್ಲಿ ಹೆಸರು, ತಾರೀಖು ತುಂಬಿದೆ. ಪಕ್ಕದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಸಾರಾಂಶ ಬರೆಯುವ ಚಟ ಬೇರೆ. ಅಲ್ಲಿ ‘ಅಣ್ಣನ ಮಗ’ ಎಂದು ಗೀಚಿದೆ. ಡಚ್ಚರಿಗೆ ಅಣ್ಣನ ಮಗನೂ ನೇಫ್, ಅಕ್ಕನ ಮಗನೂ ನೇಫ್, ಚಿಕ್ಕಪ್ಪನ ಮಗನೂ ನೇಫ್! ಆಗಿನ ‘ಜ್ವಾಗರ್’ ಇನ್ನೂ ಕಷ್ಟ: ಭಾವಮೈದುನನೂ ಹೌದು, ಅಳಿಯನೂ ಹೌದು. ನಗುವ ಹಾಗಿಲ್ಲ, ನಮ್ಮ ‘ಅಳಿಯ’ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು.

ಎರಡು ವಾರ ಕಳೆದು ಅದೇ ನೋಟರಿಯ ಇನ್ನೊಂದು ಪತ್ರ ಸಿಕ್ಕಿತು. ಅದರಲ್ಲಿ ಆ ಯುವಕನ ತಂದೆ ಸಾಕ್ಷಿ, ವಿಧವೆಯ ತಾಯಿಯ ತಮ್ಮ ಎಂದು ಸ್ಪಷ್ಟವಾಗಿದೆ. ಅಂದರೆ ಇವನು ಅವಳ ಸೋದರಮಾವನ ಮಗ. ಹಿಂದಿನ ಪುಟ ತಿರುವಿ ‘ಅಣ್ಣನ ಮಗ’ ಹೊಡೆದುಹಾಕಿದೆ. ಈಗ ನೋಟ್‌ಬುಕ್ಕಿನಲ್ಲಿ ‘ನೇಫ್’ ಎಂದಷ್ಟೇ ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿಗೆ ಎರಡು ಬೆರಳಗಲ ಜಾಗ ಬಿಡುತ್ತೇನೆ.