ಜಪಾನಿನ ಆಂಪ್ಲಿಫೈಯರ್‌ಗೆ 110 ಅಲ್ಲ, 100 ವೋಲ್ಟ್
ಜಪಾನಿನಿಂದ ಬಂದ ಆಂಪ್ಲಿಫೈಯರ್ ಇಟ್ಟುಕೊಂಡಿರುವ ದಾವಣಗೆರೆಯ ಗೆಳೆಯರೇ, ಅದಕ್ಕೆ 110 ವೋಲ್ಟಿನ ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ) ಟ್ರಾನ್ಸ್‌ಫಾರ್ಮರ್ ಬೇಡ. ಸ್ಟೆಬಿಲೈಸರ್ ಮಾಡುವವರ ಬಳಿ 230ರಿಂದ 100 ವೋಲ್ಟಿಗೆ ಇಳಿಸುವುದನ್ನೇ ಸುತ್ತಿಸಿಕೊಳ್ಳಿ. ಜಪಾನಿನ ಮನೆಗಳ ವಿದ್ಯುತ್ 100 ವೋಲ್ಟ್. 110 ಕೊಟ್ಟರೆ ಒಳಗಿನ ವೋಲ್ಟೇಜ್ ಶೇ 10ರಷ್ಟು ಏರಿ, ಹಳೆಯ ಕೆಪಾಸಿಟರ್‌ಗಳು ಬೇಗ ಸೊರಗುತ್ತವೆ. ಹಿಂಬದಿಯ ಫಲಕದಲ್ಲಿ ವಿದ್ಯುತ್ ಬಳಕೆ 200 ವ್ಯಾಟ್ ಎಂದಿದ್ದರೆ 400 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟ್ರಾನ್ಸ್‌ಫಾರ್ಮರನ್ನು ಮಾಡಿಸಿ, ಇದರಲ್ಲಿ ಜಿಪುಣತನ ಬೇಡವೇ ಬೇಡ. ಹೇರ್‌ಡ್ರೈಯರ್‌ಗೆಂದು ಮಾರುವ ಹಗುರವಾದ ಎಲೆಕ್ಟ್ರಾನಿಕ್ ಕನ್ವರ್ಟರ್ ಮುಟ್ಟಬೇಡಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಇಳಿಸುತ್ತದೆ, ನಮ್ಮ ವಿದ್ಯುತ್ತಿನ ಆವರ್ತನವಾದ 50 ಹರ್ಟ್ಸ್ ಹಾಗೆಯೇ ಉಳಿಯುತ್ತದೆ. ಹಾಗಾಗಿ 60 ಹರ್ಟ್ಸಿಗೆ ಹೊಂದಿಸಿದ ಎಸಿ ಸಿಂಕ್ರೊನಸ್ ಮೋಟರಿನ (ಆವರ್ತನಕ್ಕೆ ತಕ್ಕ ವೇಗದಲ್ಲಿ ತಿರುಗುವ ಮೋಟರಿನ) ಟರ್ನ್‌ಟೇಬಲ್‌ಗೆ, ಅಂದರೆ ರೆಕಾರ್ಡ್ ನುಡಿಸುವ ಯಂತ್ರಕ್ಕೆ, ಈ ಉಪಾಯ ಸಾಲದು: ತಟ್ಟೆಯ ವೇಗ ಆರನೆಯ ಒಂದು ಪಾಲು ತಗ್ಗಿ, ಗಾಯಕರ ದನಿ ಎಳೆದೆಳೆದು ದಪ್ಪಗಾಗುತ್ತದೆ. ಅದಕ್ಕೆ 50 ಹರ್ಟ್ಸಿನ ಪುಲ್ಲಿಯನ್ನೇ (ಮೋಟರಿನ ಬೆಲ್ಟ್ ಗಾಲಿಯನ್ನು) ಹುಡುಕಬೇಕು.